ನಾಲ್ಕು ಸೀಟು, 395 ಕಿಲೋ

ಸೆಸ್ನಾ 172 ಎಂಬ ಪುಟ್ಟ ವಿಮಾನದ ಬಾಗಿಲು ತೆಗೆದರೆ ಒಳಗೆ ನಾಲ್ಕು ಸೀಟು. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ನಾವಿಬ್ಬರು, ಒಟ್ಟು ನಾಲ್ಕೇ ಜನ, ಸರಿಹೋಯಿತಲ್ಲ ಅಂತ ಹೊಸದಾಗಿ ಲೈಸೆನ್ಸ್ ಕೈಗೆ ಬಂದವರಿಗೆ ಅನ್ನಿಸುತ್ತದೆ. ಕಾರಿನಲ್ಲಾದರೆ ಸರಿಯೇ. ಹಗುರ ವಿಮಾನದಲ್ಲಿ ಸೀಟಿದೆ ಅಂದರೆ ಕೂರಲು ಜಾಗವಿದೆ ಅಷ್ಟೇ. ಅಷ್ಟೂ ಜನ ಕೂತ ಮೇಲೆ ಹಾರಲು ಆಗುತ್ತದೋ ಇಲ್ಲವೋ ಕೂಡಿ ಕಳೆದು ನೋಡಬೇಕು.

ಇಲ್ಲಿ ಬರೆಯುತ್ತಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಕಡಲ ಹತ್ತಿರದ ವಾಟ್ಸನ್‌ವಿಲ್‌ಗೆ ಹೋಗಿ, ಊಟ ಮಾಡಿಕೊಂಡು, ಬೆಳಕಿರುವಾಗಲೇ ವಾಪಸ್ಸು ಬರುವ ಒಂದು ಸಾಮಾನ್ಯ ಹಾರಾಟದ ಬಗ್ಗೆ. ವಿಮಾನ 172 ಎಸ್ ಎಂಬ ಮಾದರಿ, ಬಾಡಿಗೆಯದು. ಸ್ವಂತಕ್ಕೆ ಕೊಂಡವರಿಗೂ ಲೆಕ್ಕ ಬೇರೆಯಲ್ಲ.

ಲೈಸೆನ್ಸಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ನಿಯಮದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ, ಅದರಲ್ಲಿ 20 ಗಂಟೆ ಗುರುವಿನ ಜೊತೆ, 10 ಗಂಟೆ ಒಬ್ಬರೇ. ನಲವತ್ತಕ್ಕೆ ಮುಗಿಸುವವರು ಅಪರೂಪ, ಬಹಳ ಜನರಿಗೆ ಅರವತ್ತು ದಾಟುತ್ತದೆ. ಕೈಗೆ ಬಂದ ಮೇಲೂ ಜನರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. 24 ತಿಂಗಳಿಗೊಮ್ಮೆ ಗುರುವಿನ ಜೊತೆ ಕೂತು ಮರುಪರೀಕ್ಷೆ. ದುಡ್ಡಿನದೂ ಒಂದು ನಿಯಮವಿದೆ, ನಮ್ಮ ಸ್ನೇಹಿತರ ಗುಂಪುಗಳಲ್ಲಿ ಇದನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ: ಬಾಡಿಗೆ, ಇಂಧನ, ಆಯಿಲ್, ನಿಲ್ದಾಣದ ಶುಲ್ಕ ಇವನ್ನು ಹಂಚಿಕೊಳ್ಳಬಹುದು, ಆದರೆ ಪೈಲಟ್ ತನ್ನ ಪಾಲು ಹಾಕಲೇಬೇಕು. ನಾಲ್ಕು ಜನ ಹೋದರೆ ಕಾಲು ಭಾಗ ಪೈಲಟ್‌ನದು. 'ನೀನು ಓಡಿಸು, ಖರ್ಚೆಲ್ಲ ನಮ್ಮದು' ಅಂದರೆ ಆ ಕ್ಷಣಕ್ಕೆ ಅದು ಬಾಡಿಗೆ ವಿಮಾನ ಸೇವೆಯಾಗುತ್ತದೆ, ಖಾಸಗಿ ಲೈಸೆನ್ಸಿಗೆ ಅದಕ್ಕೆ ಅನುಮತಿ ಇಲ್ಲ.

ಇನ್ನು ತೂಕ. 172 ಎಸ್ ಟೇಕಾಫ್ ಆಗುವಾಗ 2,550 ಪೌಂಡ್, ಅಂದರೆ 1,157 ಕಿಲೋ ಮೀರಬಾರದು. ಖಾಲಿ ವಿಮಾನದ ತೂಕ ಒಂದೊಂದರದ್ದು ಒಂದೊಂದು ಥರ. ಹೊಸ ರೇಡಿಯೊ ಹಾಕಿಸಿದ್ದರೆ, ಬಣ್ಣ ಬಳಿಸಿದ್ದರೆ ಬದಲಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಅಚ್ಚಾದ ಮಾದರಿ ಸಂಖ್ಯೆಯನ್ನು ಬಳಸಬಾರದು. ಆ ವಿಮಾನದ ಕಡತದಲ್ಲಿ ಅದರದೇ ತೂಕದ ಹಾಳೆ ಇರುತ್ತದೆ, ಅದರಲ್ಲೂ ಕಡೆಯ ತಾರೀಖಿನದು ಬೇಕು. ಇಲ್ಲಿ 1,680 ಪೌಂಡ್ ಎಂದು ಹಿಡಿಯೋಣ, 762 ಕಿಲೋ. ಉಳಿದದ್ದು 395 ಕಿಲೋ. ಜನ, ಬ್ಯಾಗು, ಇಂಧನ ಎಲ್ಲ ಇದರೊಳಗೇ.

ಎರಡೂ ಟ್ಯಾಂಕ್ ತುಂಬಿಸಿದರೆ ಬಳಸಬಹುದಾದ ಇಂಧನ 53 ಗ್ಯಾಲನ್. ಗ್ಯಾಲನ್ನಿಗೆ 6 ಪೌಂಡ್, ಒಟ್ಟು 318 ಪೌಂಡ್, 144 ಕಿಲೋ. ಜನಕ್ಕೆ ಉಳಿದದ್ದು 251 ಕಿಲೋ. ತಲೆಗೆ 75 ಕಿಲೋದಂತೆ ನಾಲ್ಕು ಜನಕ್ಕೆ 300 ಬೇಕು. ನಲವತ್ತೊಂಬತ್ತು ಕಿಲೋ ಹೆಚ್ಚಾಯಿತು. ನಾಲ್ಕು ಸೀಟಿನ ವಿಮಾನದ ಟ್ಯಾಂಕ್ ತುಂಬಿಸಿ ನಾಲ್ಕು ಜನರನ್ನು ಕೂರಿಸಲಾಗದು, ಇದು ತಯಾರಕರ ತಪ್ಪಲ್ಲ. ಜನ ಕಡಿಮೆ ಮಾಡಿ ದೂರ ಹೋಗುತ್ತೀರೋ, ಇಂಧನ ಕಡಿಮೆ ಮಾಡಿ ಜನರನ್ನು ಕರೆದೊಯ್ಯುತ್ತೀರೋ, ಆಯ್ಕೆಯನ್ನು ನಿಮಗೆ ಬಿಟ್ಟಿದ್ದಾರೆ.

ನಮ್ಮ ಹಾರಾಟ ಸಣ್ಣದು, ಹಾಗಾಗಿ ಇಂಧನ ಕಡಿಮೆ ಮಾಡುತ್ತೇವೆ. 75 ಕಿಲೋದ ನಾಲ್ಕು ಜನ 661 ಪೌಂಡ್, ಒಂದು ಬ್ಯಾಗು 10 ಕಿಲೋ ಅಂದರೆ 22 ಪೌಂಡ್, 31 ಗ್ಯಾಲನ್ ಇಂಧನ 186 ಪೌಂಡ್. ಖಾಲಿ ತೂಕ ಸೇರಿಸಿದರೆ 2,549. ಒಂದು ಪೌಂಡ್ ಉಳಿಯಿತು. ಇದರಲ್ಲಿ 'ಸ್ವಲ್ಪ ಅಡ್ಜಸ್ಟ್' ಎನ್ನುವುದಕ್ಕೆ ಜಾಗವಿಲ್ಲ.

ಎಡವುವುದು ಎರಡು ಕಡೆ. ಮೊದಲನೆಯದು ಕಿಲೋ-ಪೌಂಡ್ ಗೊಂದಲ. ಊರಿಂದ ಬಂದವರು ಕಿಲೋದಲ್ಲಿ ಹೇಳುತ್ತಾರೆ, ಕೈಪಿಡಿ ಪೌಂಡ್‌ನಲ್ಲಿದೆ. 1983ರಲ್ಲಿ ಏರ್ ಕೆನಡಾದ ದೊಡ್ಡ ಬೋಯಿಂಗ್ 767 ಇದೇ ಗೊಂದಲದಿಂದ ನಡುದಾರಿಯಲ್ಲಿ ಇಂಧನ ಬರಿದಾಗಿ, ಗಿಮ್ಲಿ ಎಂಬಲ್ಲಿ ಎಂಜಿನ್ ಇಲ್ಲದೆ ಇಳಿಯಿತು. ಎಲ್ಲವನ್ನೂ ಒಂದೇ ಮಾನಕ್ಕೆ ತಂದುಕೊಂಡ ಮೇಲೇ ಕೂಡಬೇಕು. ಎರಡನೆಯದು ಸಂಕೋಚ. ಅತ್ತೆಯವರಿಗೆ 'ನಿಮ್ಮ ತೂಕ ಎಷ್ಟು' ಅಂತ ಕೇಳುವ ಧೈರ್ಯ ಯಾರಿಗಿದೆ? ಕೇಳಿದರೂ ಹತ್ತು ವರ್ಷದ ಹಿಂದಿನ ತೂಕ ಹೇಳುತ್ತಾರೆ. ಬಚ್ಚಲುಮನೆಯ ತೂಕದ ಯಂತ್ರವನ್ನು ಬಾಗಿಲ ಹತ್ತಿರ ಇಟ್ಟು, ಚಪ್ಪಲಿ, ಸ್ವೆಟರ್, ಕೈಚೀಲ ಸಮೇತ ಒಬ್ಬೊಬ್ಬರೇ ಹತ್ತಲಿ, ಓದುವವರು ಪೈಲಟ್ ಒಬ್ಬರೇ ಆಗಿರಲಿ. ಬಾಯಿಮಾತಿನ ತೂಕಕ್ಕಿಂತ ಇದು ತಲೆಗೆ ನಾಲ್ಕೈದು ಕಿಲೋ ಹೆಚ್ಚೇ ಬರುತ್ತದೆ.

ತೂಕ ಒಟ್ಟು ಎಷ್ಟು ಅನ್ನುವುದರಷ್ಟೇ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಎಂಜಿನ್ನಿನ ಹಿಂದಿನ ತಗಡು ಗೋಡೆ, ಫೈರ್‌ವಾಲ್, ಅಲ್ಲಿಂದ ಅಳತೆ ಶುರು. ಮುಂದಿನ ಸೀಟು 37 ಇಂಚು, ಇಂಧನ 48, ಹಿಂದಿನ ಸೀಟು 73, ಬ್ಯಾಗು 95. ಪ್ರತಿ ತೂಕವನ್ನೂ ಅದರ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ತೂಕದ ನಡುಬಿಂದು ಸಿಗುತ್ತದೆ. ಖಾಲಿ ವಿಮಾನದ ಬಿಂದು 39.5 ಎಂದಿಟ್ಟುಕೊಂಡರೆ ನಮ್ಮದು 44.6 ಇಂಚಿಗೆ ಬರುತ್ತದೆ. ಪೂರ್ತಿ ತೂಕದಲ್ಲಿ 41ರಿಂದ 47.3ರ ನಡುವೆ ಇರಬೇಕು, ಸರಿಯಾಯಿತು. ಬಿಂದು ಹಿಂದಕ್ಕೆ ಜರುಗಿದಷ್ಟೂ ಮೂತಿ ತಾನಾಗಿ ಮೇಲೇಳಲು ನೋಡುತ್ತದೆ, ಸ್ಟಾಲ್ ಆದರೆ, ಅಂದರೆ ಮೂತಿ ಅತಿಯಾಗಿ ಎದ್ದು ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂತಿ ಇಳಿಸಿ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ತೀರಾ ಮುಂದಿದ್ದರೆ ಇಳಿಯುವಾಗ ಮೂತಿ ಎತ್ತಲು ಬಾರದೆ ಮುಂದಿನ ಚಕ್ರ ಮೊದಲು ನೆಲ ಮುಟ್ಟುತ್ತದೆ. ತೂಕದವರನ್ನು ಮುಂದೆ, ಹಗುರದವರನ್ನು ಹಿಂದೆ ಕೂರಿಸುವುದು ಈ ಕಾರಣಕ್ಕೆ. ಹಿರಿಯರಿಗೆ ಮುಂದಿನ ಸೀಟು ಎಂಬ ಮರ್ಯಾದೆ ಆಮೇಲಿನದು.

ಲೆಕ್ಕವೆಲ್ಲ ಸರಿಯಾಗಿ, ಬೆಳಿಗ್ಗೆ ಹೋಗಿ ನೋಡಿದರೆ ಟ್ಯಾಂಕ್ ಭರ್ತಿ ತುಂಬಿರುತ್ತದೆ. ಹಿಂದಿನ ಬಾಡಿಗೆಯವರು 'ಫುಲ್ ಮಾಡಿ' ಎಂದು ಹೇಳಿ ಹೋಗಿರುತ್ತಾರೆ. ತುಂಬಿದ್ದನ್ನು ಹೊರಗೆ ತೆಗೆಯುವುದು ದೊಡ್ಡ ತಾಪತ್ರಯ. ಹಿಂದಿನ ದಿನವೇ ಫೋನ್ ಮಾಡಿ ತುಂಬಿಸಬೇಡಿ ಎನ್ನಬೇಕು. ಟ್ಯಾಂಕಿನ ಬಾಯಿಯೊಳಗೆ ಕೆಳಕ್ಕೆ ಇಳಿಬಿದ್ದ ಒಂದು ತಗಡಿನ ಗುರುತಿದೆ, ಟ್ಯಾಬ್ ಅನ್ನುತ್ತಾರೆ. ಇಂಧನ ಅದರ ತುದಿ ಮುಟ್ಟಿದರೆ ಒಂದೊಂದು ಕಡೆ 17.5, ಒಟ್ಟು 35 ಗ್ಯಾಲನ್. ಬ್ಯಾಗಿಲ್ಲದ ನಾಲ್ಕು ಜನಕ್ಕೇ ಅದು ಮಿತಿಯನ್ನು ಒಂದು ಪೌಂಡ್ ದಾಟುತ್ತದೆ, ಬ್ಯಾಗು ಬಂದರೆ ಇನ್ನೂ ಮೀರುತ್ತದೆ. ನಮಗೆ ಬೇಕಾದ 31, ಟ್ಯಾಬಿಗಿಂತ ಒಂದೊಂದು ಕಡೆ ಎರಡು ಗ್ಯಾಲನ್ ಕೆಳಗೆ.

ಇಷ್ಟು ಇಂಧನ ಸಾಕೇ? ಸಾಕು. ಗಂಟೆಗೆ 10 ಗ್ಯಾಲನ್ ಎಂದು ಧಾರಾಳವಾಗಿ ಹಿಡಿದು, ಹೋಗಿ ಬರಲು ನೆಲದ ಮೇಲಿನ ಓಡಾಟವೂ ಸೇರಿ 1.2 ಗಂಟೆ ಎಂದರೆ 12 ಗ್ಯಾಲನ್. ಹಗಲು ಹೊತ್ತಿಗೆ ನಿಯಮ ಕೇಳುವುದು ಅರ್ಧ ಗಂಟೆಯ ಮೀಸಲು. ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಹಟ. ಇಲ್ಲಿ ಸುಮಾರು ಎರಡು ಗಂಟೆಯಷ್ಟು ಉಳಿಯುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತೂಕ ಸೇರಿಕೊಳ್ಳುತ್ತದೆ, ಅದು ಕಾಗದದಲ್ಲಿ ಕಾಣುವುದಿಲ್ಲ. ಗಾಳಿ ಬಿಸಿಯಾದರೆ ತೆಳ್ಳಗಾಗುತ್ತದೆ. ಎಂಜಿನ್‌ಗೆ ಶಕ್ತಿ ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ, ರೆಕ್ಕೆಗೆ ಆಧಾರ ಕಡಿಮೆ. ಸಮುದ್ರಮಟ್ಟದಲ್ಲಿ, 20 ಡಿಗ್ರಿಯಲ್ಲಿ, ಪೂರ್ತಿ ತೂಕದ 172 ಎಸ್ ನೆಲ ಬಿಡಲು ಸುಮಾರು 1,000 ಅಡಿ ಓಡುತ್ತದೆ, 50 ಅಡಿ ಎತ್ತರದ ಅಡ್ಡಿ ದಾಟುವಷ್ಟರಲ್ಲಿ 1,700 ಅಡಿ ಆಗಿರುತ್ತದೆ. ಇದು ಹೊಸ ವಿಮಾನವನ್ನು ಪಳಗಿದ ಪೈಲಟ್ ಹಾರಿಸಿ ತೆಗೆದ ಅಳತೆ. ಒಂದೂವರೆ ಪಟ್ಟು ಮಾಡಿಕೊಂಡರೆ ನಿಜಕ್ಕೆ ಹತ್ತಿರ. ರೀಡ್-ಹಿಲ್‌ವ್ಯೂ ರನ್‌ವೇ ಸುಮಾರು 3,100 ಅಡಿ, ನೆಲ ಸಮುದ್ರಮಟ್ಟದಿಂದ 135 ಅಡಿಯಷ್ಟೇ ಎತ್ತರ, ತೊಂದರೆಯಿಲ್ಲ. ಇದೇ ವಿಮಾನ ಇದೇ ನಾಲ್ಕು ಜನರ ಜೊತೆ ಬೆಂಗಳೂರಿನ ಜಕ್ಕೂರಿನಲ್ಲಿ ಇದ್ದರೆ? ನೆಲವೇ ಸುಮಾರು 3,000 ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲು. ಆ ಎತ್ತರಕ್ಕೆ 'ಸಹಜ' ಉಷ್ಣತೆ 9 ಡಿಗ್ರಿ. ಹೆಚ್ಚಿರುವ ಪ್ರತಿ ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ 6,000 ಅಡಿ, ಅಂದರೆ ಗಾಳಿ ಅಷ್ಟು ಎತ್ತರದಲ್ಲಿರುವಷ್ಟು ತೆಳ್ಳಗೆ. ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಿಂದ ಟೇಕಾಫ್ ಮಾಡಿದಂತೆ. ಕ್ಯಾಲಿಫೋರ್ನಿಯಾದಲ್ಲಿ ಇದು ಟಾಹೊ ಸರೋವರದ ಕಡೆ ಹೋಗುವವರನ್ನು ಕಾಡುತ್ತದೆ. ಟ್ರಕೀ ನಿಲ್ದಾಣ 5,900 ಅಡಿಯಲ್ಲಿದೆ, 30 ಡಿಗ್ರಿಯ ಮಧ್ಯಾಹ್ನ ಅದು 9,000 ದಾಟುತ್ತದೆ. ಅಲ್ಲಿಗೆ ಇಬ್ಬರೇ ಹೋಗಿ, ಬೆಳಿಗ್ಗೆ ಬೇಗ ಹೊರಟುಬಿಡಿ.

ವಾಟ್ಸನ್‌ವಿಲ್‌ನ ತೊಂದರೆ ಬೇರೆ: ಮಂಜು. ಜೂನ್‌ನಿಂದ ಆಗಸ್ಟ್‌ವರೆಗೆ ತಣ್ಣನೆಯ ಸಮುದ್ರದ ಮೇಲೆ ತಗ್ಗು ಮೋಡದ ಹಾಸು ಮಲಗಿರುತ್ತದೆ. ಬಿಸಿಲೇರಿದಂತೆ ಹಿಂದೆ ಸರಿದು, ಸಂಜೆ ಮತ್ತೆ ಒಳಗೆ ಬರುತ್ತದೆ. ಮೇಲಿಂದ ನೋಡಲು ಹತ್ತಿ ಹಾಸಿದ ಹಾಗೆ ಚೆಂದ. ಅದರಡಿ ರನ್‌ವೇ ಇದೆ ಎಂಬುದೇ ಕಷ್ಟ. ಹೊರಡುವ ಮುಂಚೆ ನಿಲ್ದಾಣದ ಹವಾ ವರದಿಯಲ್ಲಿ ಉಷ್ಣತೆ ಮತ್ತು ಇಬ್ಬನಿಬಿಂದು (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) ಎರಡನ್ನೂ ನೋಡಿ. ನಡುವಿನ ಅಂತರ 3 ಡಿಗ್ರಿಗೆ ಇಳಿದು ಇನ್ನೂ ಕಡಿಮೆಯಾಗುತ್ತಿದ್ದರೆ ಮಂಜು ಬಾಗಿಲಲ್ಲೇ ನಿಂತಿದೆ. ಊಟ ಉದ್ದವಾಯಿತು, ಕಾಫಿ ಬಂತು, ಐದು ಗಂಟೆ ಆಯಿತು, ಹೊರಗೆ ಬಂದು ನೋಡಿದರೆ ಆಕಾಶವಿಲ್ಲ. ಆಗ ಕಾರು ತರಿಸಿಕೊಂಡು ಮನೆಗೆ ಹೋಗಿ. ವಿಮಾನ ಅಲ್ಲೇ ಇರಲಿ. ಮೋಡದೊಳಗೆ ಹಾರುವ ತರಬೇತಿ ಇಲ್ಲದವರು ಎಷ್ಟು ಹೊತ್ತು ಹಿಡಿತ ಉಳಿಸಿಕೊಳ್ಳುತ್ತಾರೆ ಎಂದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು 20 ಜನರ ಮೇಲೆ ಪ್ರಯೋಗ ಮಾಡಿದ್ದರು. ಸರಾಸರಿ 178 ಸೆಕೆಂಡು.

ಇನ್ನು ವಿಮಾನದ ಸುತ್ತ ಒಂದು ಪ್ರದಕ್ಷಿಣೆ. ಇದಕ್ಕೆ ಅರ್ಧ ಗಂಟೆ ಕೊಡಿ, ಮನೆಯವರನ್ನು ಕಾಯುವ ಕೋಣೆಯಲ್ಲೇ ಕೂರಿಸಿ ಬನ್ನಿ. ಪಕ್ಕದಲ್ಲಿ ನಿಂತು 'ಇದೇನು, ಅದೇನು' ಕೇಳುತ್ತಿದ್ದರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ.

172 ಎಸ್‌ನಲ್ಲಿ ಇಂಧನ ಬಸಿಯುವ ಜಾಗಗಳೇ 13. ಒಂದೊಂದು ರೆಕ್ಕೆಯಡಿ ಐದು, ಹೊಟ್ಟೆಯಡಿ ಮೂರು. ಪಾರದರ್ಶಕ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ನೀರಿದ್ದರೆ ತಳದಲ್ಲಿ ಗೋಲಿಯಂತೆ ಉರುಳಾಡುತ್ತದೆ. ಲೋಟದಲ್ಲಿರುವುದು ಪೂರ್ತಿ ನೀರೇ ಆಗಿದ್ದರೆ ಗೆರೆ ಕಾಣದೆ ಮೋಸ ಹೋಗುತ್ತೀರಿ, ಆದ್ದರಿಂದ ಮೂಸಿಯೂ ನೋಡಿ. 100 ಎಲ್ಎಲ್ ಎಂಬ ಹಳೆಯ, ಸೀಸ ಬೆರೆತ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ, ಬಣ್ಣ ಮಾಸಿದ್ದರೆ ಯಾರೋ ಜೆಟ್ ಇಂಧನ ಸುರಿದಿರಬಹುದು ಎಂಬ ಸೂಚನೆ. ಆ ಬಣ್ಣದ ಪರೀಕ್ಷೆ ಈಗ ಎಲ್ಲ ಕಡೆ ನಡೆಯದು. ಸಾಂಟಾ ಕ್ಲಾರಾ ಕೌಂಟಿಯವರು 2022ರ ಜನವರಿ 1ರಿಂದ ರೀಡ್-ಹಿಲ್‌ವ್ಯೂದಲ್ಲಿ ಸೀಸ ಬೆರೆತ ಇಂಧನದ ಮಾರಾಟ ನಿಲ್ಲಿಸಿದರು, ಬದಲಿಗೆ ಸೀಸವಿಲ್ಲದ, 94 ಆಕ್ಟೇನಿನ ಇಂಧನ ಬಂತು. ಅದಕ್ಕೆ ಆ ನೀಲಿ ಇಲ್ಲ. ಸಂಶಯ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ: ವಿಮಾನದ ಪೆಟ್ರೋಲಾದರೆ ಆರಿ ಮಾಯವಾಗುತ್ತದೆ, ಜೆಟ್ ಇಂಧನ ಎಣ್ಣೆಯ ಉಂಗುರ ಬಿಡುತ್ತದೆ.

ಸೀಸದ ಮಾತು ಬಂದಿದ್ದಕ್ಕೆ ಒಂದು ಮಾತು. 100 ಎಲ್ಎಲ್‌ನಲ್ಲಿ 'ಎಲ್ಎಲ್' ಅಂದರೆ ಕಡಿಮೆ ಸೀಸ ಎಂದರ್ಥ. ಕಡಿಮೆ ಎಂದರೂ ಲೀಟರ್‌ಗೆ 0.56 ಗ್ರಾಂವರೆಗೆ ಇರಬಹುದು. ರೀಡ್-ಹಿಲ್‌ವ್ಯೂ ಸುತ್ತ ಬೇಲಿಗೆ ತಾಗಿದಂತೆ ಮನೆಗಳಿವೆ, ಶಾಲೆಗಳಿವೆ. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು ಕೌಂಟಿ ಮಾಡಿಸಿದ ಅಧ್ಯಯನ 2021ರಲ್ಲಿ ಹೇಳಿತು. ನಾವು ವಾರಾಂತ್ಯದ ಖುಷಿಗೆ ಹಾರುವವರು, ಇದನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಹಾಗೆಂದು 94 ಎಲ್ಲಕ್ಕೂ ಮದ್ದೂ ಅಲ್ಲ. ಹೆಚ್ಚು ಒತ್ತಡದ ಎಂಜಿನ್‌ಗಳಿಗೆ ಅದು ಸಾಲದು. ಉತ್ತರ ಡಕೋಟ ವಿಶ್ವವಿದ್ಯಾಲಯದ ತರಬೇತಿ ವಿಮಾನಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುವುದು ಕಂಡುಬಂದು 2023ರಲ್ಲಿ ಅವರು ವಾಪಸ್ಸು ಸೀಸದ ಇಂಧನಕ್ಕೇ ಹೋದರು.

ಇಂಧನ ಎಷ್ಟಿದೆ ಎಂಬುದಕ್ಕೆ ಗೇಜ್ ನೋಡಬೇಡಿ. ಮೆಟ್ಟಿಲ ಮೇಲೆ ನಿಂತು, ರೆಕ್ಕೆಯ ಮೇಲಿನ ಮುಚ್ಚಳ ತೆಗೆದು, ಅಳತೆಕೋಲು ಇಳಿಸಿ ಓದಿ. ಆ ಕೋಲು ಆ ಮಾದರಿಯದ್ದೇ ಆಗಿರಬೇಕು. ಹಳೆಯ 172 ಎನ್‌ನ ಕೋಲು ಇಲ್ಲಿ ಸುಳ್ಳು ಹೇಳುತ್ತದೆ. ಮುಚ್ಚಳ ತಿರುಗಿಸಿ ಬಿಗಿಯಾಯಿತೇ ಎಂದು ಎಳೆದು ನೋಡಿ. ಮುಚ್ಚಳ ಸಡಿಲವಿದ್ದರೆ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಇಂಧನವನ್ನು ಹೀರಿ ಹೊರಗೆ ಚೆಲ್ಲುತ್ತದೆ.

ಆಯಿಲ್ ಎಂಟು ಕ್ವಾರ್ಟ್ (ಒಂದು ಕ್ವಾರ್ಟ್ ಲೀಟರಿಗಿಂತ ತುಸು ಕಡಿಮೆ) ಹಿಡಿಯುತ್ತದೆ, ಐದಕ್ಕಿಂತ ಕಡಿಮೆ ಇದ್ದರೆ ಹಾರುವಂತಿಲ್ಲ. ಎಂಟರವರೆಗೆ ತುಂಬಿಸಿದರೆ ಮೇಲಿನ ಒಂದು ಕ್ವಾರ್ಟ್ ಗಾಳಿ ಕೊಳವೆಯಿಂದ ಹೊರಬಂದು ಹೊಟ್ಟೆಯುದ್ದಕ್ಕೂ ಕಪ್ಪು ಪಟ್ಟೆ ಎಳೆಯುತ್ತದೆ. ಆರೂವರೆ ಏಳಕ್ಕೆ ನಿಲ್ಲಿಸಿ. ಪ್ರೊಪೆಲ್ಲರಿನ ಮುಂದಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಂಥ ಗೀರಿದ್ದರೆ ಮೆಕಾನಿಕ್ ನೋಡಬೇಕು. ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಪ್ರೊಪೆಲ್ಲರನ್ನು ಎಂದೂ ಕೈಯಲ್ಲಿ ತಿರುಗಿಸಬೇಡಿ. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊವನ್ನು ಬಂದ್ ಮಾಡುವುದೆಂದರೆ ಒಂದು ತಂತಿಯಿಂದ ಅದನ್ನು ಅರ್ತ್ ಮಾಡುವುದು. ಆ ತಂತಿ ತುಂಡಾಗಿದ್ದರೆ ಕೀಲಿ ಜೇಬಿನಲ್ಲಿದ್ದರೂ ಎಂಜಿನ್‌ಗೆ ಜೀವವಿರುತ್ತದೆ. ವಸಂತದಲ್ಲಿ ಎಂಜಿನ್ ಮುಚ್ಚಳದ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಎರಡು ದಿನದಲ್ಲಿ ಹಕ್ಕಿಗಳು ಗೂಡು ಮುಗಿಸಿಬಿಡುತ್ತವೆ, ಹಾರುವಾಗ ಆ ಒಣಹುಲ್ಲು ಎಂಜಿನ್ನಿನ ಬಿಸಿಗೆ ಹತ್ತಿಕೊಳ್ಳಬಹುದು.

ಎಡರೆಕ್ಕೆಯ ಮುಂದಂಚಿನಲ್ಲಿ ಒಂದು ಸಣ್ಣ ತೂತಿದೆ, ಸ್ಟಾಲ್ ಎಚ್ಚರಿಕೆಯ ಪೀಪಿ ಅದರೊಳಗೆ. ವಿದ್ಯುತ್ತಿಲ್ಲ, ಗಾಳಿ ಹೀರಿದರೆ ಕೂಗುತ್ತದೆ ಅಷ್ಟೇ. ಪರೀಕ್ಷಿಸುವುದೂ ಹಾಗೇ: ತೂತಿನ ಮೇಲೆ ಒಂದು ಕರವಸ್ತ್ರ ಇಟ್ಟು, ಬಾಯಿ ಹಚ್ಚಿ, ಜೋರಾಗಿ ಉಸಿರೆಳೆದುಕೊಳ್ಳಬೇಕು. ಒಳಗಿಂದ ಮಕ್ಕಳ ಪೀಪಿಯಂಥ ಕೊಂಕು ಸದ್ದು ಬರುತ್ತದೆ. ಕರವಸ್ತ್ರ ಮರೆತರೆ ಸತ್ತ ಹುಳುವಿನ ರುಚಿ ಗೊತ್ತಾಗುತ್ತದೆ. ನೋಡಿದವರು ನಕ್ಕರೆ ನಗಲಿ.

ಬಾಲದ ಹಗ್ಗ ಬಿಚ್ಚಿದಿರಾ, ವೇಗ ಅಳೆಯುವ ಪಿಟೋ ಕೊಳವೆಯ ಕೆಂಪು ಮುಸುಕು ತೆಗೆದಿರಾ, ಟೈರಿನಲ್ಲಿ ಒಂದೇ ಕಡೆ ಸವೆದ ಚಪ್ಪಟೆ ಜಾಗವಿದೆಯಾ, ಇವು ಚೆಕ್‌ಲಿಸ್ಟಿನಲ್ಲಿ ಇದ್ದೇ ಇವೆ. ಚೆಕ್‌ಲಿಸ್ಟಿನಲ್ಲಿ ಒಂದು ಸಾಲಾಗಿ ಮಾತ್ರ ಇದ್ದು ಬಹಳ ಜನ ಹಾರಿಸಿಬಿಡುವುದು ಸೀಟಿನ ಹಳಿ. ಸೆಸ್ನಾ ಸೀಟು ಎರಡು ಹಳಿಗಳ ಮೇಲೆ ಜಾರುತ್ತದೆ, ಒಂದು ಪಿನ್ನು ಹಳಿಯ ತೂತಿಗೆ ಬಿದ್ದು ಹಿಡಿಯುತ್ತದೆ. ತೂತು ಸವೆದಿದ್ದರೆ, ಪಿನ್ನು ಅರ್ಧ ಮಾತ್ರ ಕೂತಿದ್ದರೆ, ಟೇಕಾಫಿನ ಎಳೆತಕ್ಕೆ ಸೀಟು ಜರ್ರನೆ ಹಿಂದೆ ಹೋಗುತ್ತದೆ. ಪೈಲಟ್ ಸಹಜವಾಗಿ ಕೈಗೆ ಸಿಕ್ಕ ಯೋಕನ್ನೇ, ಅಂದರೆ ವಿಮಾನದ ಸ್ಟೀರಿಂಗನ್ನೇ, ಹಿಡಿದು ಹಿಂದೆ ಬೀಳುತ್ತಾನೆ, ಮೂತಿ ಆಕಾಶ ನೋಡುತ್ತದೆ. ಜೀವಗಳು ಹೋಗಿವೆ, ಹಳಿಗಳನ್ನು ಕಾಲಕಾಲಕ್ಕೆ ಅಳತೆ ಮಾಡಿ ನೋಡಬೇಕೆಂಬ ಸರಕಾರಿ ಆದೇಶ 1987ರಿಂದ ಇದೆ. ಸೀಟಿನಲ್ಲಿ ಕೂತು, ಪಿನ್ನು ಬಿದ್ದ ಟಕ್ ಸದ್ದು ಕೇಳಿ, ಆಮೇಲೆ ಸೊಂಟದಿಂದ ಹಿಂದೆ ಮುಂದೆ ಜೋರಾಗಿ ಅಲುಗಿಸಿ ನೋಡಿ. ಟೇಕಾಫಿನಲ್ಲಿ ಜಾರಿಯೇಬಿಟ್ಟರೆ ಯೋಕ್ ಬಿಟ್ಟು, ಎಂಜಿನ್ ಶಕ್ತಿ ಇಳಿಸಲು ಥ್ರಾಟಲ್ ಎಳೆಯಬೇಕು.

ಈಗ ಮನೆಯವರನ್ನು ಕರೆಯಬಹುದು. ಪ್ರೊಪೆಲ್ಲರ್ ಕಡೆಯಿಂದ ಬಾರದೆ ಬಾಲದ ಕಡೆಯಿಂದ ಸುತ್ತಿ ಬರಬೇಕು. ರೆಕ್ಕೆಯ ಹಿಂದಂಚು ಸರಿಯಾಗಿ ಹಣೆಯ ಎತ್ತರಕ್ಕಿರುತ್ತದೆ. ಅದು ತಾಗಿದರೆ ಹಣೆಯ ಮೇಲೆ ವಜ್ರಾಕಾರದ ಗುರುತು ಬೀಳುತ್ತದೆ, ಸೆಸ್ನಾದವರ ಕುಂಕುಮ ಅನ್ನಬಹುದು. ಮುಂದೆ ಕೂತವರ ಕಾಲ ಬಳಿಯೂ ಪೆಡಲುಗಳಿವೆ, ಅವಕ್ಕೆ ಪಾದ ತಾಗಬಾರದು, ಕೈಚೀಲ ಅಲ್ಲಿ ಇಡಬಾರದು. ಸೀರೆಯ ಸೆರಗು ಬೆಲ್ಟಿನೊಳಗೆ ಸೇರಿಸಿಬಿಡಲಿ, ಬಾಗಿಲಿಗೆ ಸಿಕ್ಕಿದರೆ ಹೊರಗೆ ಪಟಪಟ ಬಡಿದು ಎಲ್ಲರನ್ನೂ ಹೆದರಿಸುತ್ತದೆ. ಬಾಗಿಲು ಆಕಾಶದಲ್ಲಿ ತೆರೆದುಕೊಂಡರೂ ವಿಮಾನ ಹಾರುತ್ತಲೇ ಇರುತ್ತದೆ, ಗಾಬರಿಯಾಗಿ ಎಳೆಯಲು ಹೋಗಬೇಡಿ ಎಂದು ಮೊದಲೇ ಹೇಳಿ. ತಿಂಡಿ ಹಗುರವಾಗಿರಲಿ. ಖಾಲಿ ಹೊಟ್ಟೆಯೂ ಬೇಡ, ಎರಡೆರಡು ಬೆಣ್ಣೆ ದೋಸೆಯೂ ಬೇಡ. ವಾಂತಿಯ ಚೀಲ ಕೈಗೆ ಸಿಗುವಲ್ಲಿ ಇರಲಿ, ಕೊಡುವಾಗ ದೊಡ್ಡದು ಮಾಡಬೇಡಿ. ಚೀಲ ನೋಡಿಯೇ ಕೆಲವರಿಗೆ ಶುರುವಾಗುತ್ತದೆ.

ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡುವುದು ಸುಲಭ. ಗಾಳಿಗೆ ಬೆರೆಯುವ ಇಂಧನದ ಪ್ರಮಾಣ ಹೊಂದಿಸುವ ಗುಂಡಿ, ಮಿಕ್ಸ್ಚರ್, ಪೂರ್ತಿ ಒಳಗೆ, ಇಂಧನ ಪಂಪ್ ಮೂರರಿಂದ ಐದು ಸೆಕೆಂಡು, ಮಿಕ್ಸ್ಚರ್ ಹೊರಗೆ, ಕೀಲಿ ತಿರುಗಿಸಿ, ಹೊತ್ತಿಕೊಂಡ ಕೂಡಲೇ ಮಿಕ್ಸ್ಚರ್ ಒಳಗೆ. ಆಯಿಲ್ ಒತ್ತಡ ಅರ್ಧ ನಿಮಿಷದಲ್ಲಿ ಏರದಿದ್ದರೆ ನಿಲ್ಲಿಸಿಬಿಡಿ. ರನ್‌ವೇ ಪಕ್ಕ 1,800 ಆರ್‌ಪಿಎಂನಲ್ಲಿ ಎರಡೂ ಮ್ಯಾಗ್ನೆಟೊ ಒಂದೊಂದಾಗಿ ಪರೀಕ್ಷಿಸಬೇಕು. ಒಂದೇ ಮ್ಯಾಗ್ನೆಟೊದಲ್ಲಿ ಓಡುವಾಗ ಆರ್‌ಪಿಎಂ ಇಳಿಕೆ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಒಂದರಲ್ಲಿ ಎಂಜಿನ್ ಗಡಗಡ ಅಂದರೆ ಬಹುಮಟ್ಟಿಗೆ ಪ್ಲಗ್ಗಿಗೆ ಸೀಸವೋ ಕರಿಯೋ ಕಟ್ಟಿದೆ. ವೇಗ ಸ್ವಲ್ಪ ಏರಿಸಿ, ಮಿಕ್ಸ್ಚರ್ ತೆಳ್ಳಗೆ ಮಾಡಿ ಹತ್ತಿಪ್ಪತ್ತು ಸೆಕೆಂಡು ಸುಟ್ಟರೆ ಹೋಗುತ್ತದೆ. ಹೋಗದಿದ್ದರೆ ವಾಪಸ್ಸು. ಇಳಿಕೆ ಶೂನ್ಯ ಬಂದರೆ ಖುಷಿಪಡಬೇಡಿ, ಮೇಲೆ ಹೇಳಿದ ಆ ತಂತಿ ತುಂಡಾಗಿರಬಹುದು.

ಮೂತಿ ಎತ್ತುವುದು 55 ನಾಟ್‌ಗೆ (ಗಂಟೆಗೆ ಸುಮಾರು 100 ಕಿಲೋಮೀಟರ್), ಏರುವುದು 74ಕ್ಕೆ. ಬಲಗಾಲು ರಡ್ಡರಿನ, ಅಂದರೆ ಬಾಲದ ಚುಕ್ಕಾಣಿಯ, ಪೆಡಲ್ ಮೇಲೆ ಗಟ್ಟಿಯಾಗಿರಲಿ, ಇಲ್ಲದಿದ್ದರೆ ಪೂರ್ತಿ ಶಕ್ತಿಯಲ್ಲಿ ವಿಮಾನ ಎಡಕ್ಕೆ ಎಳೆಯುತ್ತದೆ. ನೆಲ ಬಿಟ್ಟು ಮುನ್ನೂರು ನಾನೂರು ಅಡಿಯಲ್ಲಿ ಎಂಜಿನ್ ನಿಂತರೆ ರನ್‌ವೇಗೆ ತಿರುಗಬಾರದು, ಮೂತಿ ಇಳಿಸಿ ಎದುರಿಗೆ ಸಿಕ್ಕಿದ್ದರ ಕಡೆ. ಇಲ್ಲಿ ಎದುರಿಗೆ ಸಿಗುವುದು ಮನೆಗಳು, ಈಸ್ಟ್‌ರಿಡ್ಜ್ ಮಾಲ್, ಲೇಕ್ ಕನಿಂಗ್‌ಹ್ಯಾಮ್ ಉದ್ಯಾನ. ಯಾವುದರ ಕಡೆ ಎಂಬುದನ್ನು ಓಟ ಶುರುವಾಗುವ ಮುಂಚೆಯೇ ಬಾಯಿಬಿಟ್ಟು ಹೇಳಿಕೊಳ್ಳಬೇಕು.

ವಾಟ್ಸನ್‌ವಿಲ್ ನೇರ ದಕ್ಷಿಣಕ್ಕೆ 24 ನಾಟಿಕಲ್ ಮೈಲಿ. ಆದರೆ ಆ ಗೆರೆಯ ಪಕ್ಕದಲ್ಲೇ ಲೋಮಾ ಪ್ರಿಯೆಟಾ ಶಿಖರ ಕೂತಿದೆ, 3,790 ಅಡಿ. 4,500 ಅಡಿಯಲ್ಲಿ ಹೋದರೆ ಅದರ ತುದಿಗಿಂತ 700 ಅಡಿಯಷ್ಟೇ ಮೇಲೆ, ಕೆಳಗೆ ಕಡಿದಾದ ಕಾಡು. 172 ಎಂಜಿನ್ ಇಲ್ಲದೆ 68 ನಾಟ್ ವೇಗದಲ್ಲಿ ತೇಲಿದರೆ ಸಾವಿರ ಅಡಿಗೆ ಸುಮಾರು ಒಂದೂವರೆ ಮೈಲಿ ಸಾಗುತ್ತದೆ, ಅಷ್ಟರಲ್ಲಿ ಆ ಬೆಟ್ಟಗಳಲ್ಲಿ ಬಯಲು ಸಿಗದು. ಕಣಿವೆ ಹಿಡಿದು ಆಗ್ನೇಯಕ್ಕೆ 3,500ರಲ್ಲಿ ಸ್ಯಾನ್ ಮಾರ್ಟಿನ್‌ವರೆಗೆ ಹೋಗಿ, ಅಲ್ಲಿಂದ ತಗ್ಗಿನ ಬೆಟ್ಟಸಾಲು ದಾಟಿದರೆ ಒಟ್ಟು 31 ಮೈಲಿ. ಏಳು ಮೈಲಿ ಹೆಚ್ಚು, ನಾಲ್ಕು ನಿಮಿಷ. ದಾರಿಯ ಬಹುಭಾಗ ಕೆಳಗೆ ಉತ್ತ ಹೊಲಗಳು, ನಡುವೆ ಒಂದು ರನ್‌ವೇ. ಮನೆಯವರನ್ನು ಕೂರಿಸಿಕೊಂಡಾಗ ನಾನು ಆರಿಸುವುದು ಈ ದಾರಿಯನ್ನೇ.

ವಾಟ್ಸನ್‌ವಿಲ್‌ನಲ್ಲಿ ಕಂಟ್ರೋಲ್ ಟವರ್ ಇಲ್ಲ. ಎಲ್ಲರೂ ಒಂದೇ ರೇಡಿಯೊ ತರಂಗದಲ್ಲಿ ತಾವೆಲ್ಲಿದ್ದೇವೆ ಎಂದು ಹೇಳಿಕೊಳ್ಳುತ್ತಾ ಸರದಿಯಲ್ಲಿ ಇಳಿಯಬೇಕು. 2022ರ ಆಗಸ್ಟ್ 18ರಂದು ಇಲ್ಲೇ ಎರಡು ಎಂಜಿನ್ನಿನ ಸೆಸ್ನಾ 340 ಒಂದು ದೂರದಿಂದ ನೇರವಾಗಿ, 180 ನಾಟ್ ಆಸುಪಾಸಿನ ವೇಗದಲ್ಲಿ ಬಂದು, ಸುತ್ತು ಹಾಕಿ ಇಳಿಯುತ್ತಿದ್ದ ಸಣ್ಣ ಸೆಸ್ನಾ 152ಕ್ಕೆ ಹಿಂದಿನಿಂದ ಬಡಿಯಿತು. ಮೂರು ಜನ ಸತ್ತರು. ಇಬ್ಬರೂ ರೇಡಿಯೊದಲ್ಲಿ ಮಾತಾಡಿದ್ದರು. ಮಾತು ಕೇಳಿದ ಮೇಲೆ ಕಣ್ಣಿಗೆ ಬೀಳುವವರೆಗೆ ನಂಬಬಾರದು. ಕಾಣದಿದ್ದರೆ ಮುಂದೆ ಹೋಗದೆ ಪಕ್ಕಕ್ಕೆ ಸರಿದು ಸುತ್ತಿ ಬರಬೇಕು. ಇಳಿಯುವವರು ರನ್‌ವೇ ಬಳಿ ಹಾಕುವ ಸುತ್ತಿನ ಎತ್ತರಕ್ಕೆ, ಅಂದರೆ ನೆಲದಿಂದ ಸಾವಿರ ಅಡಿಗೆ, ಮೊದಲೇ ಇಳಿದುಕೊಂಡು ಸೇರಿಕೊಳ್ಳಿ. ಇನ್ನೊಂದರ ನೆತ್ತಿಯ ಮೇಲೆ ಇಳಿಯುವುದು ಬೇಡ.

ಕಡೆಯ ನೇರ ಗೆರೆಯಲ್ಲಿ 65 ನಾಟ್. ಹೆದರಿಕೆಗೆ ಜನ ಇನ್ನೈದು ಹತ್ತು ಸೇರಿಸುತ್ತಾರೆ. ವೇಗ ಶೇಕಡ 10 ಹೆಚ್ಚಾದರೆ ನಿಲ್ಲಲು ಬೇಕಾದ ದೂರ ಶೇಕಡ 21 ಹೆಚ್ಚಾಗುತ್ತದೆ, ವೇಗದ ವರ್ಗದ ಲೆಕ್ಕ ಅದು. ವಿಮಾನ ಇಳಿಯಲೊಲ್ಲದೆ ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ. ತಾಳ್ಮೆ ಕೆಟ್ಟು ಯೋಕನ್ನು ಮುಂದೆ ತಳ್ಳಿದರೆ ಮೂತಿಚಕ್ರ ಮೊದಲು ಬಡಿದು ಪುಟಿಯುತ್ತದೆ; ಎರಡನೆಯ ಪುಟಿತ ಮೊದಲಿನದಕ್ಕಿಂತ ದೊಡ್ಡದು, ಮೂರನೆಯದಕ್ಕೆ ಪ್ರೊಪೆಲ್ಲರ್ ನೆಲಕ್ಕೆ. ಮೂತಿಚಕ್ರ ಫೈರ್‌ವಾಲಿಗೆ ಕಟ್ಟಿಕೊಂಡಿರುವುದರಿಂದ ಪೆಟ್ಟು ಅಲ್ಲಿಗೆ ಹೋಗುತ್ತದೆ. ಹಳೆಯ 172 ಕೊಳ್ಳಲು ಹೋದವರು ಎಲ್ಲಕ್ಕಿಂತ ಮೊದಲು ಎಂಜಿನ್ ಮುಚ್ಚಳ ತೆಗೆಸಿ ಆ ತಗಡಿನಲ್ಲಿ ಸುಕ್ಕಿದೆಯಾ ಎಂದು ನೋಡುವುದು ಇದಕ್ಕೇ. ಮೊದಲ ಪುಟಿತಕ್ಕೇ ಪೂರ್ತಿ ಥ್ರಾಟಲ್ ಕೊಟ್ಟು ಮೇಲೇಳಿ, ರೆಕ್ಕೆಯ ಹಿಂದಂಚಿನಲ್ಲಿ ಇಳಿಬಿಟ್ಟ ಫ್ಲಾಪ್ ಮೊದಲು 20 ಡಿಗ್ರಿಗೆ, ಉಳಿದದ್ದು ವೇಗ ಬಂದ ಮೇಲೆ ನಿಧಾನಕ್ಕೆ. ಒಮ್ಮೆಗೇ ಎತ್ತಿದರೆ ವಿಮಾನ ಕುಸಿಯುತ್ತದೆ.

ಊಟ ಮುಗಿಸಿ ಬಂದಾಗ ಇನ್ನೊಂದು ಕಾಟ. ಇಂಜೆಕ್ಷನ್ ಎಂಜಿನ್ ನಿಲ್ಲಿಸಿದ ಮೇಲೆ ಮುಚ್ಚಳದೊಳಗೆ ಶಾಖ ಏರುತ್ತದೆ, ಸಿಲಿಂಡರಿನ ಮೇಲಿನ ಸಣ್ಣ ಕೊಳವೆಗಳಲ್ಲಿ ಇಂಧನ ಕುದಿದು ಆವಿಯಾಗುತ್ತದೆ. ಬೆಳಗಿನ ಥರ ಪಂಪ್ ಹಾಕಿ ಚಾಲೂ ಮಾಡಲು ಹೋದರೆ ಇಂಧನ ಜಾಸ್ತಿಯಾಗಿ ಎಂಜಿನ್ ಮುಳುಗುತ್ತದೆ. ಬಿಸಿಯಿರುವಾಗ ಪಂಪ್ ಬೇಡ. ಥ್ರಾಟಲ್ ಅರ್ಧ ಇಂಚು ಒಳಗೆ, ಮಿಕ್ಸ್ಚರ್ ಹೊರಗೆ, ಕೀಲಿ ತಿರುಗಿಸಿ, ಕೆಮ್ಮಿದ ಕೂಡಲೇ ಮಿಕ್ಸ್ಚರ್ ನಿಧಾನವಾಗಿ ಒಳಗೆ. ಆಗಲೇ ಮುಳುಗಿಸಿದ್ದರೆ ಥ್ರಾಟಲ್ ಪೂರ್ತಿ ತೆರೆದು, ಮಿಕ್ಸ್ಚರ್ ಹೊರಗಿಟ್ಟು ತಿರುಗಿಸಿ. ಹಿಡಿದ ತಕ್ಷಣ ಒಂದು ಕೈ ಮಿಕ್ಸ್ಚರ್ ಒಳಗೆ ತಳ್ಳಬೇಕು, ಇನ್ನೊಂದು ಥ್ರಾಟಲ್ ಎಳೆಯಬೇಕು. ಮೂರನೆಯ ಕೈ ಇದ್ದಿದ್ದರೆ ಎನ್ನಿಸುವ ಜಾಗ ಇದು. ಸ್ಟಾರ್ಟರನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ, ಸುಟ್ಟುಹೋದರೆ ಆ ಊಟ ದುಬಾರಿಯಾಗುತ್ತದೆ.

ವಾಪಸ್ಸು 4,500ರಲ್ಲಿ, ಅದೇ ಕಣಿವೆ. ರೀಡ್-ಹಿಲ್‌ವ್ಯೂದಲ್ಲಿ ಎರಡು ರನ್‌ವೇ ಅಕ್ಕಪಕ್ಕ ಇವೆ, ಟವರಿನವರು ಹೇಳಿದ್ದು ಎಡದ್ದೋ ಬಲದ್ದೋ ಎಂದು ತಿರುಗಿ ಹೇಳಿಬಿಡಿ. ನಿಲ್ಲಿಸಿದ ಮೇಲೆ ಯೋಕಿಗೆ ಬೀಗದ ಕಡ್ಡಿ, ಚಕ್ರಕ್ಕೆ ಅಡ್ಡೆ, ರೆಕ್ಕೆಗಳಿಗೂ ಬಾಲಕ್ಕೂ ಕಟ್ಟುವ ಮೂರೂ ಸರಪಳಿ. ಹಾಬ್ಸ್ ಮೀಟರಿನ ಸಂಖ್ಯೆ ಬರೆದುಕೊಳ್ಳಿ, ಬಾಡಿಗೆ ಅದರ ಮೇಲೆ. ಎಂಜಿನ್ ಆಯಿಲ್ ಒತ್ತಡ ಇರುವಷ್ಟು ಹೊತ್ತು ಅದು ಓಡುತ್ತದೆ, ರನ್‌ವೇ ಪಕ್ಕ ಸರದಿ ಕಾದ ನಿಮಿಷಗಳಿಗೂ ದುಡ್ಡು ಕಟ್ಟುತ್ತೀರಿ. ದಾರಿಯಲ್ಲಿ ಕಂಡ ಸಣ್ಣ ದೋಷವನ್ನೂ, ಸೀಟಿನ ಪಿನ್ನು ಬಿಗಿಯಿದೆ ಎಂಬುದನ್ನೂ ಪುಸ್ತಕದಲ್ಲಿ ಬರೆಯಿರಿ. ಮುಂದಿನವರು ಓದುವುದು ಅದನ್ನೇ.

ಮನೆಯವರು ಕಾರಿನ ಕಡೆ ನಡೆಯುತ್ತಿರುವಾಗ ಇನ್ನೊಮ್ಮೆ ರೆಕ್ಕೆ ಹತ್ತಿ ಅಳತೆಕೋಲು ಇಳಿಸಿ. 31 ಇತ್ತು, 12 ಹೋಗಬೇಕಿತ್ತು, 19 ಉಳಿದಿರಬೇಕು. ಕೋಲು 20 ತೋರಿಸಿದರೆ ಮಿಕ್ಸ್ಚರ್ ಚೆನ್ನಾಗಿ ತೆಳ್ಳಗೆ ಮಾಡಿದ್ದೀರಿ. 17 ತೋರಿಸಿದರೆ ಎಲ್ಲಿ ಹೋಯಿತು ಎಂದು ಪತ್ತೆಯಾಗುವವರೆಗೆ ಈ ವಿಮಾನಕ್ಕೆ ಗಂಟೆಗೆ 12 ಎಂದು ಲೆಕ್ಕ ಇಟ್ಟುಕೊಳ್ಳಿ.